ಅಂಬಾರಿ ಪಿಸ್ತೂಲಿಗೆ ಹುಲಿ ಬೀಳುತ್ತಿತ್ತೇ?

ಪ್ರಶ್ನೆ: ನಮ್ಮದು ಚಿಕ್ಕಮಗಳೂರು ಕಡೆಯ ಮನೆ. ಮುತ್ತಜ್ಜ ಒಬ್ಬ ಬಿಳಿಯ ಪ್ಲಾಂಟರ್ ಬಳಿ ರೈಟರ್ ಆಗಿದ್ದರು. ಆತ ಊರು ಬಿಡುವಾಗ ಅವರಿಗೆ ಒಂದು ಪಿಸ್ತೂಲು ಕೊಟ್ಟುಹೋದನಂತೆ. ಸುಮಾರು 14 ಅಂಗುಲ ಉದ್ದ, ಪಕ್ಕಪಕ್ಕದಲ್ಲಿ ಎರಡು ನಳಿಗೆ, ಎರಡು ಕುದುರೆ (ಬಡಿಯುವ ಸುತ್ತಿಗೆ). ಬಾಯಿಯಿಂದ ಮದ್ದು ತುಂಬಿ, ಬಡಿದರೆ ಸಿಡಿಯುವ ಸಣ್ಣ ಕೇಪಿನಿಂದ ಹೊತ್ತಿಸುವ ಜಾತಿ. ನಳಿಗೆಯ ಕೆಳಗೆ ಕೀಲಿನಿಂದ ತೂಗುವ ಒಂದು ಗಜ (ಮದ್ದು ಜಡಿಯುವ ಸರಳು) ಇದೆ. ಮೇಲೆ ಕಲ್ಕತ್ತಾ ಎಂಬ ಹೆಸರು ಮಾತ್ರ ಓದಲು ಬರುತ್ತದೆ, ಉಳಿದದ್ದು ಸವೆದಿದೆ. ಅಡಿಯಲ್ಲಿ ಕಿರೀಟದ ಮುದ್ರೆಗಳು ಮತ್ತು 25 ಎಂಬ ಅಂಕೆ ಇವೆ. ಇದು ಆನೆಯ ಮೇಲೆ ಕುಳಿತು ಹುಲಿ ಹೊಡೆಯುವ ಹೌದಾ ಪಿಸ್ತೂಲು ಎಂದು ಮನೆಯಲ್ಲಿ ಹೇಳುತ್ತಾರೆ. ನಿಜವೇ? ಇಷ್ಟು ಗಿಡ್ಡ ಆಯುಧಕ್ಕೆ ಹುಲಿ ಬೀಳುತ್ತಿತ್ತೇ? ಇದನ್ನು ನಾವು ಇಟ್ಟುಕೊಳ್ಳಬಹುದೇ?

ಉತ್ತರ: ಹೌದಾ ಪಿಸ್ತೂಲು ಎಂಬ ಹೆಸರೇ ಕನ್ನಡದ ಕಿವಿಗೆ ಅನುಮಾನದ ಪ್ರಶ್ನೆಯ ಹಾಗೆ ಕೇಳುತ್ತದೆ. ಈ ವಸ್ತುವಿನ ವಿಷಯದಲ್ಲಿ ಆ ಅನುಮಾನ ಆರೋಗ್ಯಕರ. ಹೌದಾ ಎಂದರೆ ಆನೆಯ ಬೆನ್ನಿನ ಮೇಲೆ ಕಟ್ಟುವ ಆಸನ. ನಮ್ಮಲ್ಲಿ ಅದಕ್ಕೆ ಅಂಬಾರಿ ಎನ್ನುತ್ತೇವೆ. ಬಲ್ಲವರು ಮೇಲೆ ಮಂಟಪ ಇರುವುದನ್ನು ಅಂಬಾರಿ, ಮೇಲ್ಛಾವಣಿ ಇಲ್ಲದ್ದನ್ನು ಹೌದಾ ಎಂದು ಬೇರೆ ಮಾಡುತ್ತಾರೆ. ಮೈಸೂರು ದಸರಾದ ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಕಣ್ಣ ಮುಂದೆ ತಂದುಕೊಳ್ಳಬೇಡಿ. ಬೇಟೆಯ ಹೌದಾ ಮರ ಮತ್ತು ಬೆತ್ತದ ಹಗುರ ಪೆಟ್ಟಿಗೆ. ಮುಂದಿನ ಕೋಣೆಯಲ್ಲಿ ಗುಂಡು ಹೊಡೆಯುವವನು, ಹಿಂದಿನದರಲ್ಲಿ ಕೋವಿ ತುಂಬಿ ಕೊಡುವ ಆಳು. ಇಬ್ಬರಿಗೂ ಮುಂದೆ, ಆನೆಯ ಕುತ್ತಿಗೆಯ ಮೇಲೆ, ಯಾವ ಕಟಕಟೆಯೂ ಇಲ್ಲದೆ ಮಾವುತ. ಈ ಮೂವರು ಕುಳಿತ ಕ್ರಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಥ ಬೇಟೆಯ ನೆಲ ಉತ್ತರದ ತೆರಾಯ್, ಬಂಗಾಳ, ಅಸ್ಸಾಂ, ನೇಪಾಳದ ತಪ್ಪಲು. ಅಲ್ಲಿಯ ಹುಲ್ಲು ಆನೆಯ ಬೆನ್ನಿನ ಎತ್ತರಕ್ಕೆ ಬೆಳೆಯುತ್ತದೆ. ಅದರೊಳಗೆ ಕಾಲ್ನಡಿಗೆಯಲ್ಲಿ ಹೊಕ್ಕವನಿಗೆ ತನ್ನ ಕೈಯೇ ಕಾಣುವುದಿಲ್ಲ, ಹುಲಿ ಎಲ್ಲಿಂದ ಕಾಣಬೇಕು? ಹಾಗಾಗಿ ಆನೆಗಳನ್ನು ಸಾಲುಗಟ್ಟಿ ನಡೆಸಿ ಹುಲ್ಲನ್ನು ತುಳಿಸುತ್ತ ಹೋಗುತ್ತಿದ್ದರು. 1911ರ ಡಿಸೆಂಬರಿನಲ್ಲಿ ಐದನೆಯ ಜಾರ್ಜ್ ದೊರೆ ನೇಪಾಳದಲ್ಲಿ ಬೇಟೆಯಾಡಿದಾಗ ಆರುನೂರಕ್ಕೂ ಹೆಚ್ಚು ಆನೆಗಳನ್ನು ಸೇರಿಸಿದ್ದರು. ಹತ್ತು ದಿನಗಳಲ್ಲಿ ದೊರೆಯ ತಂಡ 39 ಹುಲಿಗಳನ್ನು ಕೊಂದಿತು. ಅದನ್ನು ಬೇಟೆ ಎನ್ನುವುದಕ್ಕಿಂತ ಕೊಯ್ಲು ಎಂದರೆ ಸರಿ.

ಇಂಥ ಸಾಲಿನಲ್ಲಿ ಗಾಯಗೊಂಡ ಹುಲಿ ಕೆಲವೊಮ್ಮೆ ಓಡುವುದನ್ನು ಬಿಟ್ಟು ತಿರುಗಿ ಆನೆಯ ಮೇಲೆಯೇ ಹಾರುತ್ತಿತ್ತು. ಇದು ಬೇಟೆಗಾರರ ಬಡಾಯಿ ಎಂದುಕೊಂಡವರು 2004ರಲ್ಲಿ ಕಾಜಿರಂಗದ ಬಳಿ ಚಿತ್ರಿತವಾದ ವಿಡಿಯೊವನ್ನು ನೋಡಬೇಕು. ಅರಣ್ಯ ಸಿಬ್ಬಂದಿ ಆನೆಗಳ ಮೇಲೆ ಹೋಗುತ್ತಿದ್ದಾಗ ದೂರದ ಹುಲ್ಲು ಅಲುಗುತ್ತದೆ, ಹಳದಿ ಗೆರೆಯೊಂದು ಹತ್ತಿರವಾಗುತ್ತದೆ, ಮರುಕ್ಷಣದಲ್ಲಿ ಹುಲಿ ಆನೆಯ ತಲೆಯ ಮಟ್ಟದಲ್ಲಿ ಗಾಳಿಯಲ್ಲಿದೆ. ಮಾವುತನ ಕೈಗೆ ತೀವ್ರ ಗಾಯವಾಯಿತು. ಹುಲ್ಲಿನಿಂದ ಹೊರಬಿದ್ದ ಹುಲಿ ಮಾವುತನನ್ನು ತಲುಪಲು ತೆಗೆದುಕೊಂಡ ಸಮಯದಲ್ಲಿ ನೀವು ಈ ವಾಕ್ಯವನ್ನು ಓದಿ ಮುಗಿಸಲಾರಿರಿ.

ಆ ಹೊತ್ತಿನಲ್ಲಿ ಮೇಲಿದ್ದವನ ಕೈಯಲ್ಲಿ ಉದ್ದನೆಯ ರೈಫಲ್ ಇದ್ದರೆ ಅದು ತೊಡಕು. ಆನೆ ಬೆದರಿ ತಿರುಗುತ್ತದೆ, ತಲೆ ಕೊಡವುತ್ತದೆ, ಮಂಡಿಯೂರುತ್ತದೆ, ಇಲ್ಲವೇ ದಿಕ್ಕೆಟ್ಟು ಓಡುತ್ತದೆ. ಬೀಳದಿರಲು ಒಂದು ಕೈ ಕಟಕಟೆಯ ಮೇಲೆ ಇರಲೇಬೇಕು. 70 ಸೆಂಟಿಮೀಟರ್ ನಳಿಗೆಯ ಕೋವಿಯನ್ನು ಒಂದೇ ಕೈಯಲ್ಲಿ ಕೆಳಮುಖವಾಗಿ ಹಿಡಿದು, ಅದರ ತುದಿಗಿಂತಲೂ ಹತ್ತಿರ ಬಂದುಬಿಟ್ಟ ಪ್ರಾಣಿಗೆ ಗುರಿಯಿಡುವುದು ಹೇಗೆ? ಈ ಇಕ್ಕಟ್ಟಿಗೆ ಮೊದಲು ಹುಟ್ಟಿದ ಉತ್ತರ ಬಹಳ ಒರಟು: ಹಳೆಯ ಜೋಡುನಳಿಗೆ ರೈಫಲ್ಲಿನ ಹಿಂದು ಮುಂದು ಕತ್ತರಿಸಿ ಕೈಹಿಡಿ ಕೂರಿಸುವುದು. ಆಮೇಲೆ ಇಂಗ್ಲೆಂಡಿನ ಕುಶಲಕರ್ಮಿಗಳು ಅದನ್ನೇ ಅಚ್ಚುಕಟ್ಟಾಗಿ, ಕೆತ್ತನೆ ಮಾಡಿ, ಪೆಟ್ಟಿಗೆಯಲ್ಲಿಟ್ಟು ಮಾರಲು ಶುರುಮಾಡಿದರು.

ಇನ್ನು ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಹುಲಿ ಬೀಳುತ್ತಿತ್ತೇ?

ಮೊದಲು 25 ಎಂಬ ಅಂಕೆಯ ಅರ್ಥ. ಹಳೆಯ ಕೋವಿಗಳ ಬೋರ್ ಲೆಕ್ಕ ತಲೆಕೆಳಗು. ನಳಿಗೆಯ ಬಾಯಿಗೆ ಸರಿಯಾಗಿ ಕೂರುವ ಸೀಸದ ಗುಂಡುಗಳು ಒಂದು ಪೌಂಡಿಗೆ, ಎಂದರೆ ಸುಮಾರು 454 ಗ್ರಾಮಿಗೆ, ಎಷ್ಟು ಬರುತ್ತವೆಯೋ ಅದು ಬೋರ್. ಅಂಕೆ ಸಣ್ಣದಾದಷ್ಟೂ ಬಾಯಿ ದೊಡ್ಡದು. 12 ಬೋರ್ ಎಂದರೆ ಸುಮಾರು 18.5 ಮಿಲಿಮೀಟರ್ ಬಾಯಿ, 38 ಗ್ರಾಂ ಗುಂಡು. 16 ಬೋರಿನ ಗುಂಡು ಸರಿಯಾಗಿ ಒಂದು ಔನ್ಸ್, 28 ಗ್ರಾಂ. ನಿಮ್ಮ 25 ಬೋರ್ ಹೆಚ್ಚುಕಡಿಮೆ 14.5 ಮಿಲಿಮೀಟರ್, ಗುಂಡು 18 ಗ್ರಾಮಿನಷ್ಟು. ಬ್ರಿಟಿಷ್ ಸೈನ್ಯದ 1853ರ ಎನ್‌ಫೀಲ್ಡ್ ಕೋವಿಯ ಬಾಯಿ 0.577 ಅಂಗುಲ, ಹತ್ತಿರಹತ್ತಿರ ಇದೇ ಅಳತೆ. ಇದು ಸಣ್ಣ ಸಂಗತಿಯಲ್ಲ. ಸೈನ್ಯದ ಕೋವಿಯ ಅಳತೆಯ ಪಿಸ್ತೂಲು ಇಟ್ಟುಕೊಂಡವನಿಗೆ ಗುಂಡಿನ ಅಚ್ಚಾಗಲಿ ಗುಂಡಾಗಲಿ ಹಿಂದೂಸ್ತಾನದ ಯಾವ ಮೂಲೆಯಲ್ಲೂ ಸಿಗುತ್ತಿತ್ತು.

ಈಗ ಹುಲಿಯ ಕಡೆ. ಪ್ರೌಢ ಗಂಡುಹುಲಿ 200 ಕಿಲೋ ಎಂದಿಟ್ಟುಕೊಳ್ಳಿ. ದೊಡ್ಡ ಗಾತ್ರದ 16 ಬೋರ್ ಪಿಸ್ತೂಲಿನ 28 ಗ್ರಾಂ ಗುಂಡು ಗಿಡ್ಡ ನಳಿಗೆಯಿಂದ ಸೆಕೆಂಡಿಗೆ 230 ಮೀಟರ್ ವೇಗದಲ್ಲಿ ಹೊರಟಿತು ಎನ್ನೋಣ. ಗುಂಡಿನ ತೂಕವನ್ನು ವೇಗದಿಂದ ಗುಣಿಸಿ ಹುಲಿಯ ತೂಕದಿಂದ ಭಾಗಿಸಿದರೆ, ಆ ಪೆಟ್ಟಿನಿಂದ ಹುಲಿಯ ವೇಗದಲ್ಲಿ ಆಗುವ ಬದಲಾವಣೆ ಸೆಕೆಂಡಿಗೆ ಸುಮಾರು ಮೂರು ಸೆಂಟಿಮೀಟರ್. ಹುಲಿ ನುಗ್ಗುತ್ತಿರುವುದು ಸೆಕೆಂಡಿಗೆ ಹನ್ನೆರಡು, ಹದಿನೈದು ಮೀಟರ್ ವೇಗದಲ್ಲಿ. ಓಡಿಬರುವ ಹೋರಿಯ ಮೂತಿಗೆ ನಿಂಬೆಹಣ್ಣು ಎಸೆದ ಹಾಗೆ. ಗುಂಡು ಪ್ರಾಣಿಯನ್ನು ಹಿಂದಕ್ಕೆ ತಳ್ಳುತ್ತದೆ ಎಂಬುದು ಚಿತ್ರಮಂದಿರದಲ್ಲಿ ಕಲಿತ ಪಾಠ. ಗುಂಡು ಮಾಡುವುದು ರಂಧ್ರ. ಆ ರಂಧ್ರ ಮಿದುಳಿನಲ್ಲಿ ಅಥವಾ ಬೆನ್ನುಹುರಿಯಲ್ಲಿ ಆದರೆ ಪ್ರಾಣಿ ಅಲ್ಲಿಯೇ ಕುಸಿಯುತ್ತದೆ. ಹೃದಯದಲ್ಲಿ ಆದರೂ ಹಲವು ಸೆಕೆಂಡುಗಳ ಉಸಿರು ಉಳಿದಿರುತ್ತದೆ, ಅಷ್ಟರಲ್ಲಿ ಮಾಡಬೇಕಾದ ಹಾನಿಯನ್ನೆಲ್ಲ ಮಾಡಿರುತ್ತದೆ.

ಶಕ್ತಿಯ ಲೆಕ್ಕವೂ ಅಷ್ಟೇನೂ ಹಿಗ್ಗಿಸುವುದಿಲ್ಲ. ಮೇಲಿನ ಗುಂಡಿನ ಶಕ್ತಿ ಸುಮಾರು 740 ಜೂಲ್. 0.577 ಅಂಗುಲದ ನೈಟ್ರೋ ಎಕ್ಸ್‌ಪ್ರೆಸ್ ಎಂಬ ದೊಡ್ಡ ಬೇಟೆಯ ರೈಫಲ್ಲಿನದು 9,000 ಜೂಲ್‌ಗೂ ಮೇಲೆ. ನಮ್ಮ ಮೈಸೂರು ಸೀಮೆಯಲ್ಲಿ ಆನೆ ಹಿಡಿಯುವ ಅಧಿಕಾರಿಯಾಗಿದ್ದ, 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿದ ಸ್ಯಾಂಡರ್ಸನ್‌ನಂಥವರು ದೊಡ್ಡ ಪ್ರಾಣಿಗಳಿಗೆ 8 ಬೋರ್, 4 ಬೋರ್ ರೈಫಲ್ ಹೊತ್ತದ್ದು ಸುಮ್ಮನೆ ಅಲ್ಲ. 4 ಬೋರ್ ಎಂದರೆ 113 ಗ್ರಾಂ ಸೀಸ. ಅವುಗಳ ಪಕ್ಕದಲ್ಲಿ ಹೌದಾ ಪಿಸ್ತೂಲು ಒಂದು ಪಟಾಕಿ.

ಹಾಗಾದರೆ ಇದೆಲ್ಲ ಹುಸಿಯೇ? ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ದೊರೆಗಳ ಷೋಕಿ, ಪೆಟ್ಟಿಗೆಯೊಳಗಿನ ಒಡವೆ ಎಂದು ತಳ್ಳಿಹಾಕುತ್ತಿದ್ದೆ. ಆ ಅಭಿಪ್ರಾಯ ಬದಲಾದದ್ದು, ಈ ಪಿಸ್ತೂಲಿನ ಕೆಲಸ ಯಾವ ಕ್ಷಣದಲ್ಲಿ ಶುರುವಾಗುತ್ತದೆ ಎಂದು ಯೋಚಿಸಿದಾಗ. ಇದು ನುಗ್ಗಿಬರುವ ಹುಲಿಗೆ ಅಲ್ಲ. ನುಗ್ಗಿ ಮುಗಿದ ಹುಲಿಗೆ. ಹಾರಿದ ಹುಲಿ ಆನೆಯ ನೆತ್ತಿಗೋ ಭುಜಕ್ಕೋ ಪಂಜ ಊರಿ ನೇತಾಡುತ್ತಿದೆ. ಅದರ ಓಟ ನಿಂತಿದೆ. ನಾಲ್ಕೂ ಕಾಲು ಹಿಡಿತದಲ್ಲಿ ತೊಡಗಿವೆ. ದೂರ ಒಂದೂವರೆ ಮೀಟರ್, ಅಥವಾ ಅದಕ್ಕೂ ಕಡಿಮೆ. ಗುರಿ ಬೇಕಿಲ್ಲ, ನಳಿಗೆಯನ್ನು ತಲೆಗೋ ಕುತ್ತಿಗೆಗೋ ಚಾಚಿದರೆ ಸಾಕು. ಅಲ್ಲಿಂದ 740 ಜೂಲ್ ಪೆಟ್ಟು ತಲೆಬುರುಡೆಗೆ ಬಿದ್ದರೆ ಸಣ್ಣದಲ್ಲ. ಸಾಯದಿದ್ದರೂ ಹಿಡಿತ ಸಡಿಲಿಸಿ ಕೆಳಗೆ ಬಿದ್ದರೆ ಆನೆಗೆ ದಾರಿ ತೆರೆಯುತ್ತದೆ, ರೈಫಲ್ಲಿಗೆ ಜಾಗ ಸಿಗುತ್ತದೆ. ಇದು ಹುಲಿಯನ್ನು ತಡೆಯುವ ಆಯುಧವಲ್ಲ, ಬಿಡಿಸುವ ಆಯುಧ. ಗುಂಡಿಗೆ ಪ್ರಾಣಿ ಬೀಳುತ್ತಿತ್ತೇ ಎಂದು ಕೇಳಿದಿರಿ. ಬೀಳುತ್ತಿತ್ತು, ಆದರೆ ಆನೆಯಿಂದ ಕೆಳಕ್ಕೆ.

ಬಿಡಿಸುವುದು ಎಷ್ಟು ದೊಡ್ಡ ಮಾತು ಎಂಬುದಕ್ಕೆ ಒಂದು ಹಳೆಯ ಪ್ರಸಂಗ. 1792ರ ಡಿಸೆಂಬರಿನಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಜನರಲ್ ಹೆಕ್ಟರ್ ಮನ್ರೋನ ಮಗ ಗೆಳೆಯರೊಂದಿಗೆ ಊಟಕ್ಕೆ ಕುಳಿತಿದ್ದಾಗ ಹುಲಿಯೊಂದು ಬಂದು ಅವನನ್ನು ಕಚ್ಚಿಕೊಂಡು ಹೊರಟಿತು. ಜೊತೆಗಿದ್ದವರು ಹಾರಿಸಿದ ಮೇಲೆ ಹುಲಿ ಅವನನ್ನು ಬಿಟ್ಟಿತು. ಹುಲಿಯನ್ನು ಯಾರೂ ಉರುಳಿಸಲಿಲ್ಲ, ಬಾಯಿ ಮಾತ್ರ ಬಿಡಿಸಿದರು. ತಡವಾಗಿತ್ತು, ಅವನು ಉಳಿಯಲಿಲ್ಲ. ಈಗ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿರುವ ಟಿಪ್ಪುವಿನ, ಬಿಳಿಯನೊಬ್ಬನ ಮೇಲೆ ಎರಗಿದ ಹುಲಿಯ ಯಂತ್ರಬೊಂಬೆಗೆ ಈ ಘಟನೆಯೇ ಪ್ರೇರಣೆ ಎಂದು ಹೇಳುವವರಿದ್ದಾರೆ. ಟಿಪ್ಪುವಿಗೆ ಹುಲಿ ಲಾಂಛನ ಅದಕ್ಕಿಂತ ಮೊದಲಿನಿಂದಲೂ ಇತ್ತು, ಆದ್ದರಿಂದ ನಾನು ಆ ಮಾತಿಗೆ ಅರ್ಧ ಮಾತ್ರ ತಲೆಯಾಡಿಸುತ್ತೇನೆ.

ಎರಡು ನಳಿಗೆ ಏಕೆ, ಐದಾರು ಗುಂಡಿನ ರಿವಾಲ್ವರ್ ಆಗಲೇ ಇತ್ತಲ್ಲ ಎಂದು ಕೇಳುವವರಿಗೆ ಉತ್ತರ ಯಂತ್ರದೊಳಗಿದೆ. 1856ರ ಬೋಮಾಂಟ್-ಆಡಮ್ಸ್ ರಿವಾಲ್ವರ್ 54 ಬೋರ್, ಅಂದರೆ ಗುಂಡು ಎಂಟೂವರೆ ಗ್ರಾಮಿನಷ್ಟೇ. ದೊಡ್ಡ ಗುಂಡಿಗೆ ಹೆಚ್ಚು ಮದ್ದು ಬೇಕು, ಹೆಚ್ಚು ಮದ್ದಿಗೆ ಉದ್ದನೆಯ ಸಿಲಿಂಡರ್ ಬೇಕು, ಆಗ ಪಿಸ್ತೂಲು ಒನಕೆಯಾಗುತ್ತದೆ. ಜೊತೆಗೆ ಕೇಪಿನ ಕಾಲದ ರಿವಾಲ್ವರಿನಲ್ಲಿ ಸಿಡಿದ ಕೇಪಿನ ತುಣುಕು ಒಳಗೆ ಬಿದ್ದು ಚಕ್ರ ತಿರುಗದೆ ನಿಲ್ಲುವುದು ಮಾಮೂಲು. ಜೋಡುನಳಿಗೆಯಲ್ಲಿ ಪ್ರತಿ ನಳಿಗೆಗೂ ಅದರದೇ ಕುದುರೆ, ಅದರದೇ ಬೀಗ (ಕುದುರೆಯನ್ನು ಬೀಳಿಸುವ ಯಂತ್ರ). ಒಂದು ಕೈಕೊಟ್ಟರೆ ಇನ್ನೊಂದು ಇದೆ. ಹುಲಿ ನೇತಾಡುತ್ತಿರುವ ಆನೆಯ ಮೇಲೆ ಮೂರನೆಯ ಈಡಿಗೆ ಪುರುಸೊತ್ತು ಸಿಗುತ್ತದೆ ಎಂದು ನಂಬಿದವನು ಆನೆ ಹತ್ತದಿರುವುದೇ ವಾಸಿ.

ನಿಮ್ಮ ಪಿಸ್ತೂಲಿನ ಆ ಕೀಲಿನ ಗಜ ನನಗೆ ಇಷ್ಟವಾದ ಭಾಗ. ಸಡಿಲ ಗಜ ಆನೆಯ ಮೇಲಿಂದಲೋ ಕುದುರೆಯ ಮೇಲಿಂದಲೋ ಒಮ್ಮೆ ಕೈಜಾರಿದರೆ ಹೋದಂತೆಯೇ. ಕೀಲಿನಲ್ಲಿ ಸಿಕ್ಕಿಸಿದ ಗಜ ನಳಿಗೆಯ ಕೆಳಗಿನಿಂದ ಹೊರಬಂದು ತಿರುಗಿ ಬಾಯೊಳಗೆ ಇಳಿಯುತ್ತದೆ, ಮತ್ತೆ ಒಳಕ್ಕೆ ಹೋಗುತ್ತದೆ, ಪಿಸ್ತೂಲನ್ನು ಬಿಟ್ಟು ಹೋಗುವುದಿಲ್ಲ. ಸವಾರರ ಪಿಸ್ತೂಲುಗಳಿಂದ ಬಂದ ಉಪಾಯ ಇದು.

ಕೇಪಿನ ನಂತರ ತೋಟಾ ಬಂದಿತು. 1866ರಲ್ಲಿ ಬ್ರಿಟಿಷ್ ಸೈನ್ಯ ಹಿಂದಿನಿಂದ ತೋಟಾ ತುಂಬುವ ಸ್ನೈಡರ್ ಪದ್ಧತಿಯನ್ನು ಒಪ್ಪಿಕೊಂಡ ಮೇಲೆ ಅದೇ 0.577 ಅಂಗುಲದ ತೋಟಾ ಹಾಕುವ ಜೋಡುನಳಿಗೆ ಪಿಸ್ತೂಲುಗಳಾದವು. ಸ್ನೈಡರಿನ ಗುಂಡು 31 ಗ್ರಾಂ. ಅದನ್ನು ಒಂದೇ ಕೈಯಲ್ಲಿ ಹಾರಿಸಿದವನ ಮಣಿಕಟ್ಟಿನ ಗತಿ ಏನು ಎಂದು ನಾನು ಊಹಿಸಬೇಕಿಲ್ಲ. ಅಮೆರಿಕದಲ್ಲಿರುವ ನನ್ನ ಸಂಬಂಧಿಯೊಬ್ಬರ ಜೊತೆ ಅಲ್ಲಿಯ ಒಂದು ಅಭ್ಯಾಸ ಮೈದಾನಕ್ಕೆ ಹೋಗಿದ್ದಾಗ ಇಟಲಿಯಲ್ಲಿ ತಯಾರಾದ ಇಂಥ ಒಂದು ಪ್ರತಿಕೃತಿಯನ್ನು, ಅದೂ ಮದ್ದು ಕಡಿಮೆ ಮಾಡಿ, ಹಾರಿಸಿ ನೋಡಿದೆ. ಮೊದಲ ಈಡಿಗೆ ನಳಿಗೆ ಆಕಾಶ ನೋಡಿತು. ಮುಂದೆ ಬಿಳಿ ಹೊಗೆಯ ಮೋಡ. ಗುರಿಹಲಗೆ ಎಲ್ಲಿದೆ ಎಂದು ತಿಳಿಯಲು ಹೊಗೆ ಕರಗುವವರೆಗೆ ಕಾಯಬೇಕಾಯಿತು. ಎರಡನೆಯ ಈಡಿಗೆ ನಾನು ಕಣ್ಣು ಮುಚ್ಚಿದ್ದೆ ಎಂದು ಸಂಬಂಧಿ ನಗುತ್ತ ಹೇಳಿದರು. ನಾನು ನಿಂತದ್ದು ಗಟ್ಟಿನೆಲದ ಮೇಲೆ, ಎದುರಿಗೆ ಇದ್ದದ್ದು ಕಾಗದ.

ಆ ಹೊಗೆಯೊಳಗಿನಿಂದ ಮತ್ತೆ ಆನೆಯ ಮೇಲಿನ ಮೂವರನ್ನು ನೋಡಿ. ಹುಲಿ ಇರುವುದು ಆನೆಯ ತಲೆಯ ಮೇಲೆ. ಪಿಸ್ತೂಲು ಇರುವುದು ಹೌದಾದಲ್ಲಿ. ನಡುವೆ ಇರುವುದು ಮಾವುತ. ಗುಂಡು ಅವನ ಭುಜದ ಮೇಲಿಂದಲೋ ಕಿವಿಯ ಪಕ್ಕದಿಂದಲೋ ಹೋಗಬೇಕು, ಅದೂ ಆನೆ ತಲೆ ಕೊಡವುತ್ತಿರುವಾಗ, ಹಾರಿಸುವವನ ಕೈ ನಡುಗುತ್ತಿರುವಾಗ. ಹುಲಿಯ ಉಗುರು ಮೊದಲು ಸಿಗುವುದು ಅವನಿಗೆ, ಮದ್ದಿನ ಉರಿ ತಾಗುವುದು ಅವನಿಗೆ, ಗುರಿ ತಪ್ಪಿದರೆ ಅದೂ ಅವನಿಗೇ. ಅವನ ಕೈಯಲ್ಲಿ ಇರುತ್ತಿದ್ದದ್ದು ಅಂಕುಶ. ಬೇಟೆಯ ನೆನಪುಗಳನ್ನು ಬರೆದವರೆಲ್ಲ ಕಟಕಟೆಯ ಒಳಗಿದ್ದವರು. ನನ್ನ ಮಟ್ಟಿಗೆ ಈ ಪಿಸ್ತೂಲುಗಳನ್ನು ನೋಡುವಾಗ ಮೊದಲು ನೆನಪಾಗುವುದು ಹಾರಿಸಿದವನ ಧೈರ್ಯವಲ್ಲ, ಅವನ ಮುಂದೆ ಬೆನ್ನು ತೋರಿಸಿ ಕುಳಿತವನ ಧೈರ್ಯ. ಅನುಭವಿ ಆನೆಯೊಂದು ಹುಲಿಯನ್ನು ಕಂಡೂ ಕಾಲು ಕೀಳದೆ ನಿಂತರೆ ಪಿಸ್ತೂಲು ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು. ಆನೆ ಓಟ ಕಿತ್ತರೆ ಕೊಂಬೆಗೆ ಸಿಕ್ಕಿ ಹೌದಾವೇ ಚೂರಾಗುವ ಭಯ. ಅದಕ್ಕೆ ಯಾವ ಪಿಸ್ತೂಲಿನ ಮದ್ದೂ ಇರಲಿಲ್ಲ.

1880ರ ದಶಕದಲ್ಲಿ ಲಂಡನ್ನಿನ ಚಾರ್ಲ್ಸ್ ಲ್ಯಾಂಕಾಸ್ಟರ್ ಕಂಪನಿ ನಾಲ್ಕು ನಳಿಗೆಯ ಪಿಸ್ತೂಲು ತಂದಿತು. ಹೊರಗೆ ಕುದುರೆಯೇ ಇಲ್ಲ. ಒಳಗೆ ತಿರುಗುವ ಒಂದು ಬಡಿಗೋಲು ಒಂದಾದಮೇಲೊಂದು ನಳಿಗೆಯನ್ನು ಹೊಡೆಯುತ್ತದೆ. ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಗೀರುಗಳ ಬದಲು ತುಸು ಅಂಡಾಕಾರದ ತಿರುಚು. ಬಹಳ ಜಾಣ ಯಂತ್ರ, ಆದರೆ ಅದನ್ನು ಕೊಂಡವರಲ್ಲಿ ಹೆಚ್ಚಿನವರು ಹುಲಿಯನ್ನಲ್ಲ, ಮನುಷ್ಯರನ್ನು ಎದುರಿಸಲು ಹೊರಟ ಸೇನಾಧಿಕಾರಿಗಳು. ಭಾರತ, ಸುಡಾನ್ ಎಲ್ಲಿ ಯುದ್ಧವೋ ಅಲ್ಲಿ ಅದು ಹೋಯಿತು. 0.577 ಅಂಗುಲದ ರಿವಾಲ್ವರುಗಳೂ ಸ್ವಲ್ಪ ಕಾಲ ಬಂದವು. ಈಡಿನ ಬಲಕ್ಕೆ ತೋಟಾದ ಕೇಪು ಹಿಂದಕ್ಕೆ ಉಬ್ಬಿ ಸಿಲಿಂಡರ್ ಸಿಕ್ಕಿಕೊಳ್ಳದಿರಲಿ ಎಂದು ಅವುಗಳ ಹಿಂಬದಿಗೆ ಬೇರೆಯೇ ಒಂದು ಉಕ್ಕಿನ ತಟ್ಟೆ. 1887ರ ವೆಬ್ಲಿ ರಿವಾಲ್ವರ್ ಬಂದ ಮೇಲೆ ಈ ರಾಕ್ಷಸ ಪಿಸ್ತೂಲುಗಳಿಗೆ ಗಿರಾಕಿ ಕಡಿಮೆಯಾದರು. ವೆಬ್ಲಿಯ ಪೆಟ್ಟು ಇವುಗಳ ಅರ್ಧವೂ ಇರಲಿಲ್ಲ, ಆದರೆ ದಿನವೂ ಸೊಂಟದಲ್ಲಿ ಹೊರಬಹುದಾಗಿತ್ತು. ಹತ್ತು ಹೆಜ್ಜೆ ದೂರದ ಪೆಟ್ಟಿಗೆಯಲ್ಲಿರುವ ಫಿರಂಗಿಗಿಂತ ಸೊಂಟದಲ್ಲಿರುವ ಚಾಕು ಮೇಲು ಎಂಬುದು ಕಾಡಿನವರಿಗೆಲ್ಲ ಗೊತ್ತಿರುವ ಮಾತು.

ಈಗ ನಿಮ್ಮ ಮನೆಯ ಪಿಸ್ತೂಲು. ಅಳತೆ, ಜೋಡುನಳಿಗೆ, ಕೀಲಿನ ಗಜ, ಎಲ್ಲವೂ ಇಂದು ಸಂಗ್ರಾಹಕರು ಹೌದಾ ಪಿಸ್ತೂಲು ಎಂದು ಕರೆಯುವ ಜಾತಿಗೆ ಹೊಂದುತ್ತವೆ. ಮಾರುವವನಿಗೆ ಆ ಹೆಸರು ಸಾಕು. ಕಥೆಗೆ ಸಾಲದು. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಹೌದಾ ಕಟ್ಟಿ ಹುಲಿಬೇಟೆ ಆಡುವ ಪದ್ಧತಿ ಎಲ್ಲಿತ್ತು? ಅದು ಹುಲ್ಲುಗಾವಲಿನ ಬಯಲಿಗೆ ಹೊಂದುವ ಬೇಟೆ. ನಮ್ಮ ಮಲೆನಾಡಿನಲ್ಲಿ ಸೋವು (ಸದ್ದುಮಾಡಿ ಪ್ರಾಣಿಯನ್ನು ಅಟ್ಟುವುದು), ಮಚಾನು (ಮರದ ಮೇಲಿನ ಅಟ್ಟಣೆ), ಕಾಲ್ನಡಿಗೆ. ಮೈಸೂರು ಸೀಮೆಯ ಹಳ್ಳಿಗರು ಹುಲಿಯನ್ನು ಬಲೆಯಿಂದ ಸುತ್ತುವರಿದು ಈಟಿಯಿಂದ ತಿವಿಯುತ್ತಿದ್ದುದನ್ನು ಸ್ಯಾಂಡರ್ಸನ್ ನೋಡಿ ಬರೆದಿದ್ದಾನೆ. ಆ ಈಟಿ ಹಿಡಿದವರ ಮುಂದೆ ಆನೆಯ ಮೇಲಿನ ಜೋಡುನಳಿಗೆ ಸ್ವಲ್ಪ ನಾಚಬೇಕು. ನಿಮ್ಮ ಪ್ಲಾಂಟರ್ ಇದನ್ನು ತಂದದ್ದು ಕುದುರೆಯ ಜೀನಿಗೆ ಸಿಕ್ಕಿಸಿಕೊಳ್ಳಲು, ರಾತ್ರಿ ದಿಂಬಿನ ಕೆಳಗೆ ಇಟ್ಟುಕೊಳ್ಳಲು, ಕೂಲಿಯ ಹಣ ತರುವಾಗ ದಾರಿಗಳ್ಳರಿಗೆ, ಕರಡಿ ಎದುರಾದರೆ ಕರಡಿಗೆ ಎಂಬುದು ನನ್ನ ಊಹೆ. ಕರಡಿಯ ವಿಷಯದಲ್ಲಿ ಈ ಆಯುಧಕ್ಕೆ ಹೆಚ್ಚು ಅರ್ಥವಿದೆ. ತಿರುವಿನಲ್ಲಿ ಥಟ್ಟನೆ ಎದುರಾಗಿ ಮುಖಕ್ಕೆ ಹಾರುವ ಪ್ರಾಣಿ ಅದು, ಉದ್ದ ಕೋವಿ ಎತ್ತಲು ಸಮಯ ಕೊಡುವುದಿಲ್ಲ. ಆನೆ ಇಲ್ಲದ ಅಂಬಾರಿ ಪಿಸ್ತೂಲು ಎಂದು ಬೇಸರಪಡಬೇಡಿ. ಕುದುರೆಯ ಮೇಲಿನ ಕರಡಿ ಪಿಸ್ತೂಲು ಎಂಬುದೂ ಒಳ್ಳೆಯ ಕಥೆಯೇ, ನಂಬಲು ಸುಲಭವಾದದ್ದು ಕೂಡ.

ಕಲ್ಕತ್ತಾ ಎಂದಿರುವುದರಿಂದ ಅಲ್ಲಿಯೇ ತಯಾರಾಯಿತು ಎಂದುಕೊಳ್ಳಬೇಡಿ. ಮ್ಯಾಂಟನ್, ರೋಡ್ಡಾ ಮುಂತಾದ ಕಲ್ಕತ್ತಾದ ಅಂಗಡಿಗಳು ಬರ್ಮಿಂಗ್‌ಹ್ಯಾಮಿನಿಂದ ಮಾಲು ತರಿಸಿ ತಮ್ಮ ಹೆಸರು ಕೆತ್ತಿಸಿ ಮಾರುತ್ತಿದ್ದವು. (ಇದೇ ರೋಡ್ಡಾ ಕಂಪನಿಗೆ ಬಂದ 50 ಮೌಸರ್ ಪಿಸ್ತೂಲುಗಳನ್ನು 1914ರ ಆಗಸ್ಟ್ 26ರಂದು ಬಂಗಾಳದ ಕ್ರಾಂತಿಕಾರಿಗಳು ಹಾಡಹಗಲೇ ಎತ್ತಿನಗಾಡಿಯಲ್ಲಿ ಸಾಗಿಸಿದರು. ಅದು ಬೇರೆಯೇ ಕಥೆ, ಇನ್ನೊಮ್ಮೆ.) ಅಡಿಯ ಕಿರೀಟವನ್ನು ಭೂತಗನ್ನಡಿಯಿಂದ ನೋಡಿ. ಕಿರೀಟದ ಕೆಳಗೆ ಅಡ್ಡಾದಿಡ್ಡಿ ಇಟ್ಟ ಎರಡು ರಾಜದಂಡಗಳಿದ್ದು, ಬಿ, ಪಿ, ಸಿ ಎಂಬ ಇಂಗ್ಲಿಷ್ ಅಕ್ಷರಗಳೋ ಒಂದು ವಿ ಅಕ್ಷರವೋ ಕಂಡರೆ ಅದು ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆ. ಜಿ ಮತ್ತು ಪಿ ಹೆಣೆದುಕೊಂಡಿದ್ದರೆ ಲಂಡನ್. ಮುದ್ರೆಗಳೇ ಇಲ್ಲದೆ ಬೀಗದ ತಗಡಿನ ಮೇಲೆ ಮಾತ್ರ ದೊಡ್ಡ ಕಿರೀಟ, ಟವರ್ ಎಂಬ ಹೆಸರು, ಒಂದು ಇಸವಿ ಇದ್ದರೆ ಜಾಗ್ರತೆ. ವಾಯವ್ಯ ಗಡಿಯ ಖೈಬರ್ ಕಡೆ ಇಂಥ ನಕಲು ಹೊಡೆಯುವುದು ಹಳೆಯ ಕಸುಬು. ಅಕ್ಷರ ಬಾರದವರು ಕೆತ್ತಿದ್ದರಿಂದ ಎನ್ ಅಕ್ಷರ ತಿರುಗಿ ನಿಂತಿರುತ್ತದೆ, ಕಿರೀಟ ಬದನೆಕಾಯಿಯ ತೊಟ್ಟಿನಂತಿರುತ್ತದೆ. ಕೆಲವು ವರ್ಷಗಳ ಹಿಂದೆ ಒಬ್ಬ ವ್ಯಾಪಾರಿ ನನಗೂ ಇಂಥದ್ದೊಂದನ್ನು ಮಹಾರಾಜರ ಹುಲಿಪಿಸ್ತೂಲು ಎಂದು ದಾಟಿಸಿದ. ಮನೆಗೆ ತಂದು ಒರೆಸಿದಾಗ ಮೊಳೆಯ ತಲೆಯಲ್ಲಿ ಯಂತ್ರದಿಂದ ಕೊರೆದ ಹೊಸ ಗೀರು ಹೊಳೆಯಿತು. ತಜ್ಞ ಎನ್ನಿಸಿಕೊಂಡವನಿಗೆ ಅದು ಅಗ್ಗದ ಪಾಠವಾಗಿರಲಿಲ್ಲ.

ಕೊನೆಗೆ ಕಾನೂನು. ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಮಾತಿನಲ್ಲಿ: ಹಳೆಯದಾದರೆ ಪರವಾನಗಿ ಬೇಡ ಎಂಬ ನಂಬಿಕೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳನ್ನು ಹೊರಗಿಡುತ್ತದೆ, ನಿಜ. ಆದರೆ ಅಲ್ಲಿಯೇ ಷರತ್ತು ಇದೆ: ದುರಸ್ತಿ ಮಾಡಿದರೂ ಮಾಡದಿದ್ದರೂ ಅದು ಬಂದೂಕಾಗಿ ಬಳಕೆಗೆ ಬರಬಾರದು. ನಿಮ್ಮದರ ಕುದುರೆ ಎದ್ದು ಬೀಳುತ್ತದೆ ಎಂದರೆ, ಅಥವಾ ಒಬ್ಬ ಕಮ್ಮಾರ ಒಂದು ದಿನದಲ್ಲಿ ಸರಿಮಾಡಬಲ್ಲ ಎಂದರೆ, ಆ ವಿನಾಯಿತಿಯನ್ನು ನಂಬಿ ಕೂರಬೇಡಿ. ಮನೆಯಲ್ಲಿ ಹಿಂದೆ ಪರವಾನಗಿ ಇತ್ತೇ ಎಂದು ಹಳೆಯ ಕಾಗದಗಳನ್ನು ಹುಡುಕಿ, ಒಬ್ಬ ವಕೀಲರನ್ನು ಕಂಡು ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಿ. ಪಿತ್ರಾರ್ಜಿತವಾಗಿ ಬಂದದ್ದಕ್ಕೂ ಪರವಾನಗಿ ಕೇಳಬಹುದು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಒಟ್ಟು ಎರಡು ಬಂದೂಕುಗಳ ಮಿತಿ ಇದೆ. ಅದು ತೀರ್ಮಾನವಾಗುವವರೆಗೆ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯ ಬಳಿ ಠೇವಣಿ ಇಡಲು ಕಾಯ್ದೆಯಲ್ಲೇ ಅವಕಾಶವಿದೆ. ವಿದೇಶದಲ್ಲಿರುವ ಮಗನಿಗೆ ಕಳುಹಿಸುವ ಯೋಚನೆ ಇದ್ದರೆ ಈಗಲೇ ಬಿಡಿ. ನೂರು ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯ ಅಡಿಯಲ್ಲಿ ಬರುತ್ತದೆ, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಇದೆಲ್ಲಕ್ಕಿಂತ ಮೊದಲು ಒಂದು ಕೆಲಸ. ಇಂಥ ಪಿಸ್ತೂಲುಗಳು ಎಷ್ಟೋ ಸಲ ತುಂಬಿದ ಸ್ಥಿತಿಯಲ್ಲೇ ಪೆಟ್ಟಿಗೆ ಸೇರಿರುತ್ತವೆ, ಕರಿಮದ್ದು ನೂರು ವರ್ಷ ಕಳೆದರೂ ಸಾಯುವುದಿಲ್ಲ. ಕುದುರೆ ಮುಟ್ಟದೆ, ಬಾಯನ್ನು ಯಾರ ಕಡೆಗೂ ತಿರುಗಿಸದೆ, ಕೈಯನ್ನೂ ಬಾಯ ಮುಂದೆ ತಾರದೆ ಪಕ್ಕದಿಂದ ಹಿಡಿದು, ಒಂದು ಸಣ್ಣ ಮರದ ಕಡ್ಡಿಯನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಸಿ. ಎಲ್ಲಿಯವರೆಗೆ ಹೋಯಿತೋ ಅಲ್ಲಿ ಗುರುತು ಮಾಡಿ ಹೊರತೆಗೆದು, ಅದನ್ನು ನಳಿಗೆಯ ಹೊರಮೈಗೆ ಹಿಡಿದು ನೋಡಿ. ಕಡ್ಡಿ ಕೇಪು ಕೂರುವ ಮೊಲೆಯ ಹತ್ತಿರದವರೆಗೂ ಹೋಗಿದ್ದರೆ ಖಾಲಿ. ಒಂದೂವರೆ, ಎರಡು ಅಂಗುಲ ಮೊದಲೇ ನಿಂತಿದ್ದರೆ ಒಳಗೆ ಏನೋ ಇದೆ. ಆಗ ಮುಟ್ಟದೆ ಇಟ್ಟು ಠಾಣೆಗೆ ತಿಳಿಸಿ. ಎರಡೂ ನಳಿಗೆಗಳನ್ನು ಬೇರೆಬೇರೆಯಾಗಿ ನೋಡಬೇಕು, ಒಂದು ಖಾಲಿ ಎಂದರೆ ಇನ್ನೊಂದು ಖಾಲಿ ಎಂದಲ್ಲ. ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ಬೆಳಗಬೇಡಿ. ನೂರೈವತ್ತು ವರ್ಷಗಳ ಕಂದು ಬಣ್ಣ ಹತ್ತು ನಿಮಿಷದಲ್ಲಿ ಹೋಗುತ್ತದೆ, ಅದರ ಜೊತೆ ಬೆಲೆಯ ಅರ್ಧವೂ ಹೋಗುತ್ತದೆ. ಕೊಬ್ಬರಿ ಎಣ್ಣೆಯೂ ಬೇಡ, ಅಂಟುಕಟ್ಟುತ್ತದೆ. ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆಯನ್ನು ಬಟ್ಟೆಗೆ ತಾಗಿಸಿ ಒರೆಸಿದರೆ ಸಾಕು. ಆ ಹೊತ್ತಿನಲ್ಲಿ ಸವೆದ ಹೆಸರಿನ ಮೇಲೆ ಓರೆಯಾಗಿ ಟಾರ್ಚ್ ಹಿಡಿದು ನೋಡಿ, ಎದುರಿನಿಂದ ಕಾಣದ ಅಕ್ಷರಗಳು ನೆರಳಿನಲ್ಲಿ ಎದ್ದು ಕಾಣುತ್ತವೆ. ಮೊದಲ ಅಕ್ಷರ ಸಿಕ್ಕರೂ ಬರೆದು ತಿಳಿಸಿ, ಅಂಗಡಿ ಯಾವುದೆಂದು ಹುಡುಕೋಣ.